ದೇವದುರ್ಗದಲ್ಲಿ ಮಾತ್ರ ಕೇಳುತ್ತಿದ್ದ ಸದ್ದು

ನಾನು ಅನುಮಾನದ ಹೆಂಗಸು. ಇದನ್ನು ಮೊದಲೇ ಹೇಳಿಬಿಡುವುದು ಒಳ್ಳೆಯದು, ಇಲ್ಲವಾದರೆ ಇನ್ನು ಸ್ವಲ್ಪ ಹೊತ್ತಿಗೆ ನೀವೇ ಹೇಳುತ್ತೀರಿ. ಮಾನ್ವಿಯ ಹೈಸ್ಕೂಲಿನಲ್ಲಿ ಮೂವತ್ತೊಂದು ವರ್ಷ ಕನ್ನಡ ಕಲಿಸಿದೆ. ಪರೀಕ್ಷೆಯ ಕೋಣೆಯಲ್ಲಿ ಒಬ್ಬ ಹುಡುಗ ಎರಡು ಸಲ ಕೆಮ್ಮಿದರೆ ಉಳಿದ ಮೇಷ್ಟ್ರುಗಳು ‘ಪಾಪ, ನೆಗಡಿ’ ಅನ್ನುತ್ತಿದ್ದರು. ನಾನು ಎದ್ದು ಹೋಗಿ ಅವನ ಅಂಗಿಯ ತೋಳು ಬಿಚ್ಚಿಸಿ ನೋಡುತ್ತಿದ್ದೆ. ಬಹಳ ಸಲ ಚೀಟಿ ಸಿಗುತ್ತಿತ್ತು. ಸಿಗದಿದ್ದಾಗ ಹುಡುಗನ ತಪ್ಪಿಲ್ಲ ಅಂತ ನನಗೆ ಒಮ್ಮೆಯೂ ಅನಿಸಿದ್ದಿಲ್ಲ. ಬಲು ಶಾಣ್ಯಾ ಇದ್ದಾನೆ, ಬೇರೆ ಕಡೆ ಇಟ್ಟಿದ್ದಾನೆ ಅಂದುಕೊಳ್ಳುತ್ತಿದ್ದೆ. ನಿವೃತ್ತಿಯ ದಿನ ಕೊರಳಿಗೆ ಹಾಕಿದ ಹಾರದ ಹೂವನ್ನೂ ನಿನ್ನೆಯದಿರಬಹುದೇ ಅಂತ ಹಿಸುಕಿ ನೋಡಿದವಳು ನಾನು.

ನಿವೃತ್ತಿಯಾದ ಮೇಲೆ ಒಂದು ಕೆಲಸವನ್ನು ನಾನಾಗಿಯೇ ಹಚ್ಚಿಕೊಂಡೆ. ತೀರಿಹೋದ ನನ್ನ ಅಕ್ಕನ ಮಗಳು ದೇವದುರ್ಗದಲ್ಲಿ ತನ್ನ ಅಣ್ಣನ ಮನೆಯಲ್ಲಿದ್ದಾಳೆ. ಹುಟ್ಟಿನಿಂದ ಅವಳಿಗೆ ಕಣ್ಣು ಕಾಣುವುದಿಲ್ಲ. ಹಟ ಮಾಡಿ ಡಿ.ಎಡ್ ಮುಗಿಸಿದ್ದಾಳೆ. ಓಣಿಯ ಮಕ್ಕಳನ್ನು ಕೂಡಿಸಿಕೊಂಡು ಮಗ್ಗಿ ಹೇಳಿಸುತ್ತಾಳೆ, ಬಾಯಿಲೆಕ್ಕ ಮಾಡಿಸುತ್ತಾಳೆ. ಶಾಲೆಯಲ್ಲಿ ಟೀಚರ್ ಆಗಬೇಕು ಅನ್ನುವುದನ್ನು ಬಿಟ್ಟು ಅವಳ ಬಾಯಲ್ಲಿ ಬೇರೆ ಆಸೆ ಬಂದದ್ದನ್ನು ನಾನು ಕೇಳಿಲ್ಲ. ಅದಕ್ಕೆ ಅರ್ಹತಾ ಪರೀಕ್ಷೆ ಪಾಸಾಗಬೇಕು. ಹಿಂದಿನ ಸಲ ಕೂತು ಸ್ವಲ್ಪದರಲ್ಲಿ ಫೇಲಾದಳು. ಅವತ್ತು ಅವಳು ಅಳಲಿಲ್ಲ, ಎರಡು ದಿನ ಓಣಿಯ ಮಕ್ಕಳನ್ನು ವಾಪಸು ಕಳಿಸಿದಳು ಅಷ್ಟೇ. ಆ ಎರಡು ದಿನ ನನಗೆ ಅನ್ನ ಇಳಿಯಲಿಲ್ಲ.

ಈ ಸಲ ನಾನೇ ನಿಂತೆ. ಪಾಠಗಳನ್ನೆಲ್ಲ ಮಾನ್ವಿಯ ನನ್ನ ಮನೆಯಲ್ಲಿ ಕೂತು ನನ್ನ ಫೋನಿಗೆ ಓದಿ ರೆಕಾರ್ಡ್ ಮಾಡುವುದು, ಪೆನ್‌ಡ್ರೈವಿಗೆ ಹಾಕುವುದು, ವಾರಕ್ಕೊಂದು ಸಲ ಸಿರವಾರದ ಮೇಲೆ ಹೋಗುವ ಬಸ್ಸು ಹಿಡಿದು ದೇವದುರ್ಗಕ್ಕೆ ಒಯ್ದು ಕೊಡುವುದು. ಓದಿ ಮುಗಿದ ಪುಸ್ತಕಗಳನ್ನೂ ಅಲ್ಲೇ ಇಟ್ಟು ಬರುತ್ತಿದ್ದೆ. ರಾಯಚೂರಿನ ಒಂದು ಅಂಗಡಿಯಿಂದ ಹಳೆಯ ಕಂಪ್ಯೂಟರ್ ಒಂದನ್ನು ತಂದು ಅವಳ ಕೋಣೆಯಲ್ಲಿ ಇಡಿಸಿದ್ದೆ. ತೆರೆಯ ಮೇಲಿನ ಅಕ್ಷರಗಳನ್ನು ಅದು ಗಟ್ಟಿಯಾಗಿ ಓದಿ ಹೇಳುತ್ತದೆ. ಹೆಡ್‌ಫೋನ್ ಹಾಕಿಕೊಂಡು ನನ್ನ ದನಿ ಕೇಳುತ್ತ, ನಡುನಡುವೆ ನಿಲ್ಲಿಸಿ ತನ್ನ ಟಿಪ್ಪಣಿ ಟೈಪ್ ಮಾಡಿಕೊಳ್ಳುತ್ತ ಅವಳು ದಿನಾ ಐದಾರು ತಾಸು ಕೂರುತ್ತಿದ್ದಳು. ಅವಳ ಬೆರಳು ಕೀಲಿಗಳ ಮೇಲೆ ಓಡುವುದನ್ನು ನೋಡಿದರೆ ಕಣ್ಣಿದ್ದವರೂ ನಾಚಬೇಕು.

ಆ ಮನೆಯಲ್ಲಿ ಮೂವರು. ಅಕ್ಕನ ಮಗ ಅಕ್ಕಿ ಗಿರಣಿಯ ಲಾರಿ ಓಡಿಸುತ್ತಾನೆ, ವಾರದಲ್ಲಿ ಒಂದೆರಡು ದಿನ ಮಾತ್ರ ಮನೆಯಲ್ಲಿ. ಉಳಿದ ದಿನ ನಾದಿನಿ, ಅತ್ತಿಗೆ ಇಬ್ಬರೇ. ಆ ಅತ್ತಿಗೆ ನನಗೆ ಸೊಸೆಯಾಗಬೇಕು. ಮದುವೆಯಾಗಿ ಬಂದು ಆರು ವರ್ಷ. ಮಾತು ಕಡಿಮೆ. ಮಾತು ಕಡಿಮೆ ಇರುವವರನ್ನು ಕಂಡರೆ ನನಗೆ ಮೊದಲಿನಿಂದಲೂ ಸಮಾಧಾನವಿಲ್ಲ, ಒಳಗೆ ಏನು ಕುದಿಯುತ್ತಿದೆಯೋ ಯಾರಿಗೆ ಗೊತ್ತು! ಕಣ್ಣಿಲ್ಲದ ನಾದಿನಿ ನೌಕರಿಗೆ ಸೇರಿ ನಾಲ್ಕು ಜನರ ನಡುವೆ ತಲೆಯೆತ್ತಿ ನಡೆದರೆ ಈಕೆ ಸಹಿಸಿಯಾಳೇ? ಮನೆಯಲ್ಲೇ ಕೂತು ಶೇಂಗಾ ಸುಲಿದುಕೊಡುವ ಕೈ ತಪ್ಪಿಹೋಗುತ್ತದಲ್ಲ? ಹೀಗಂತ ಯಾರೂ ನನಗೆ ಹೇಳಿರಲಿಲ್ಲ. ನಾನೇ ಬಸ್ಸಿನಲ್ಲಿ ಕೂತು ಕೂತು ಕಟ್ಟಿಕೊಂಡದ್ದು.

ಮೊದಲ ಸದ್ದು ಬಂದದ್ದು ಶಿವರಾತ್ರಿ ಕಳೆದು ಬಿಸಿಲು ಏರತೊಡಗಿದಾಗ. “ಚಿಗವ್ವ, ನೀ ಓದಾಕತ್ತಿರ್ತಿ, ನಡುವ ಟರ್ರ್ ಟರ್ರ್ ಟಿಕ್ ಟಿಕ್ ಅಂತದ. ಒಂದೀಟ ಹೊತ್ತಿಗೆ ತಾನ ನಿಲ್ಲತದ” ಅಂದಳು ಅಕ್ಕನ ಮಗಳು. ನಾನು ಒಂದು ಮಧ್ಯಾಹ್ನ ಪೂರ್ತಿ ಅವಳ ಪಕ್ಕ ಕಾದು ಕೂತೆ. ಮೂರು ಗಂಟೆಗೆ ಸದ್ದು ಬಂತು, ಬಂದ ಮರುಗಳಿಗೆಗೆ ಸೊಸೆಯ ಫೋನು ಬಡಿದುಕೊಂಡಿತು. ಅವಳು ಅದನ್ನು ಚಾರ್ಜಿಗೆ ಹಾಕಿ ಕಂಪ್ಯೂಟರಿನ ಬೆನ್ನಿಗೇ ಒರಗಿಸಿ ಇಟ್ಟಿದ್ದಳು. ಕರೆ ಬರುವ ಮೊದಲು ಫೋನು ಹೊರಡಿಸುವ ಅಲೆ ಹೆಡ್‌ಫೋನಿನ ವೈರಿಗೆ ತಗುಲಿ ಹಾಗಾಗುತ್ತದೆ. ಫೋನನ್ನು ನಾಲ್ಕು ಮಾರು ದೂರ ಇಟ್ಟರೆ ಮುಗಿಯಿತು, ಸದ್ದಿಲ್ಲ. ಇಷ್ಟು ಸಣ್ಣ ಸಂಗತಿ. ಬೇರೆಯವರಾಗಿದ್ದರೆ ‘ಫೋನ್ ಆ ಕಡಿ ಇಡವ್ವ’ ಅನ್ನುತ್ತಿದ್ದರು.

ನಾನು ಹಾಗನ್ನಲಿಲ್ಲ. ಸೊಸೆಯನ್ನು ಅಡುಗೆಮನೆಯಿಂದ ಕರೆಸಿ ಎದುರಿಗೆ ನಿಲ್ಲಿಸಿಕೊಂಡೆ.

“ಇಡೀ ಮನ್ಯಾಗ ನಿನಗ ಫೋನ್ ಇಡಾಕ ಇದೊಂದ ಜಾಗ ಸಿಕ್ಕಿತೇನು?”

“ಪ್ಲಗ್ ಇಲ್ಲೇ ಅದ ಅತ್ತ್ಯಾರ.”

“ಪ್ಲಗ್ ಅದಂತ ಪ್ಲಗ್! ಅಕಿ ಓದೂದು ನಿನಗ ಬ್ಯಾಡಾಗಿದ್ರ ಬಾಯಿಬಿಟ್ಟು ಹೇಳು. ಕೇಳು ಇಲ್ಲಿ. ಇವತ್ತಿನಿಂದ ಈ ಕಂಪ್ಯೂಟರ್ ಆಗಲಿ, ಅದರ ವೈರ್ ಆಗಲಿ, ಕರೆಂಟಿನ ಯಾವ ವಸ್ತು ಆಗಲಿ ನೀ ಮುಟ್ಟಬ್ಯಾಡ. ಅದರ ಉಸಾಬರೀನ ನಿನಗ ಬ್ಯಾಡ. ತಿಳೀತಿಲ್ಲೋ?”

“ತಿಳೀತ್ರಿ” ಅಂದಳು. ಒಳಗೆ ಹೋಗಿ ರೊಟ್ಟಿ ಬಡಿಯತೊಡಗಿದಳು. ಬಡಿತ ಸ್ವಲ್ಪ ಜೋರಾಗಿತ್ತು ಅಂತ ನನಗನಿಸಿತು. ಅದನ್ನೂ ಲೆಕ್ಕಕ್ಕೆ ಹಿಡಿದುಕೊಂಡು ಮಾನ್ವಿಯ ಬಸ್ಸು ಹತ್ತಿದೆ.

ಎರಡು ವಾರ ಸದ್ದಿಲ್ಲ. ನನ್ನ ಪತ್ತೇದಾರಿಕೆಯನ್ನು ನಾನೇ ಮೆಚ್ಚಿಕೊಂಡು ತಿರುಗಿದೆ. ಪಕ್ಕದ ಮನೆಯವರಿಗೆ ಎರಡು ಸಲ ಹೇಳಿದ್ದೂ ಉಂಟು. ಆಮೇಲೆ, ಪರೀಕ್ಷೆಗೆ ಸರಿಯಾಗಿ ನಲವತ್ತು ದಿನ ಇರುವಾಗ ಎರಡನೆಯ ಸದ್ದು ಶುರುವಾಯಿತು. ಇದು ಟಿಕ್ ಟಿಕ್ ಅಲ್ಲ. ‘ಗುಂಯ್ಞ್’ ಅಂತ ಒಂದೇ ಸಮ, ಪಾಠದ ಅಡಿಯಲ್ಲಿ ಹಾಸಿಕೊಂಡು ಮಲಗಿದ ಹಾಗೆ. ದಿನ ಕಳೆದಂತೆ ಜೋರಾಯಿತು. “ನಿನ್ನ ದನಿ ಬಾವ್ಯಾಗಿಂದ ಬಂದಂಗ ಬರಾಕತ್ತದ ಚಿಗವ್ವ. ಅರ್ಧ ತಾಸಿಗೆ ತಲಿ ಸಿಡೀತದ” ಅಂದಳು ಹುಡುಗಿ. ನಾನು ಹೆಡ್‌ಫೋನ್ ಹಾಕಿಕೊಂಡು ಕೇಳಿದೆ. ಐದು ನಿಮಿಷಕ್ಕೆ ಕಿತ್ತಿಟ್ಟೆ. ಇದನ್ನು ಕಿವಿಗೆ ಕಟ್ಟಿಕೊಂಡು ಮಕ್ಕಳ ಮನಸ್ಸಿನ ಬೆಳವಣಿಗೆಯ ಹಂತಗಳನ್ನು ಯಾರು ಬಾಯಿಪಾಠ ಮಾಡಿಯಾರು?

ಅದೇ ಪಾಠವನ್ನು ನನ್ನ ಫೋನಿನಲ್ಲಿ ಹಾಕಿ ನೋಡಿದೆ. ಸ್ವಚ್ಛ. ಅಂದರೆ ರೆಕಾರ್ಡಿನಲ್ಲಿ ದೋಷವಿಲ್ಲ, ಅದನ್ನು ಹಾಡಿಸುವ ಪೆಟ್ಟಿಗೆಯಲ್ಲಿದೆ. ಇಷ್ಟು ಗೊತ್ತಾದ ಮೇಲೆ ಸೊಸೆ ಬಾಗಿಲಲ್ಲಿ ನಿಂತು, “ಹಂಗಾದ್ರ ನನ್ನ ಫೋನಿನ್ಯಾಗ ಹಾಕಿಕೊಡ್ರಿ. ಹಗಲೊತ್ತು ಅಕೀನ ಇಟ್ಕೊಳ್ಳಿ” ಅಂದಳು. ಹುಡುಗಿಯದು ಗುಂಡಿ ಒತ್ತುವ ಸಾದಾ ಫೋನು, ಅದರಲ್ಲಿ ಇಷ್ಟೆಲ್ಲ ಹಿಡಿಸುವುದಿಲ್ಲ. ಸೊಸೆಯ ಮಾತು ಒಪ್ಪಿದ್ದರೆ ಅವತ್ತೇ ಅರ್ಧ ಕೆಲಸ ಮುಗಿಯುತ್ತಿತ್ತು. ಆದರೆ ನನ್ನ ತಲೆಯಲ್ಲಿ ಬೇರೆಯೇ ಓಡಿತು. ತನ್ನ ಫೋನು ತಾನಾಗಿ ಕೊಡುತ್ತಿದ್ದಾಳೆಂದರೆ ಅದರೊಳಗೆ ಏನೋ ಮಸಲತ್ತಿದೆ, ನಡುವೆ ಪಾಠಗಳನ್ನು ಅಳಿಸಿಬಿಟ್ಟರೆ? “ಏನೂ ಬ್ಯಾಡ, ನಾ ರಿಪೇರಿ ಮಾಡಸ್ತೀನಿ” ಅಂದೆ. ಅವಳು ಭುಜ ಕುಣಿಸಿ ಹೋದಳು.

ಅಲ್ಲಿಂದ ಮುಂದೆ ನಾನು ಪಟ್ಟ ಪಾಡು ಕೇಳಬೇಡಿ. ಹೆಡ್‌ಫೋನನ್ನು ಮುಂದಿನ ತೂತಿನಿಂದ ಕಿತ್ತು ಹಿಂದಿನ ತೂತಿಗೆ ಸಿಕ್ಕಿಸಿದೆ. ಹೊಸ ಹೆಡ್‌ಫೋನ್ ತಂದೆ. ಫ್ಯಾನ್ ಆರಿಸಿದೆ, ಟ್ಯೂಬ್‌ಲೈಟ್ ಆರಿಸಿದೆ, ಆ ಬಿಸಿಲಲ್ಲಿ ನಾವಿಬ್ಬರೂ ಬೆವರಿನಲ್ಲಿ ತೊಯ್ದು ಕೂತು ಕೇಳಿದೆವು, ಗುಂಯ್ಞ್. ಕಂಪ್ಯೂಟರಿನ ಸೌಂಡ್ ಸೆಟ್ಟಿಂಗಿಗೆ ಹೋಗಿ ಮೈಕನ್ನು ಬಾಯಿ ಮುಚ್ಚಿಸಿದೆ, ದನಿಗೆ ಮೆರುಗು ಕೊಡುವ ಆಟಗಳನ್ನೆಲ್ಲ ತೆಗೆದುಹಾಕಿದೆ. ವಿಡಿಯೋ ನೋಡಿಕೊಂಡು ಡ್ರೈವರ್ ಅನ್ನುವುದನ್ನು ಕಿತ್ತು ಮತ್ತೆ ಹಾಕಿದೆ. ಒಂದು ವಾರ ಹೋಯಿತು. ಹುಡುಗಿ ಒಮ್ಮೆ ಅಂದಳು, “ಕಂಪ್ಯೂಟರ್ ಡಬ್ಬಿ ಮುಟ್ಟಿದ್ರ ಕೈ ಜುಂ ಅಂತದ, ಆವಾಗ ಸದ್ದೂ ಬದಲಾಗತದ.” ನಾನು ‘ಬ್ಯಾಸಗಿಗೆ ಹಂಗ’ ಅಂತ ಹೇಳಿ ಸುಮ್ಮನಾಗಿಸಿದೆ. ಕಣ್ಣಿಲ್ಲದವಳು ಕೈಯಿಂದ ಕಂಡದ್ದನ್ನು ಕಣ್ಣಿದ್ದ ನಾನು ಕಿವಿಗೆ ಹಾಕಿಕೊಳ್ಳಲಿಲ್ಲ.

ಆಗ ನನ್ನ ಅನುಮಾನ ರಾಯಚೂರಿನ ಅಂಗಡಿಯವನ ಮೇಲೆ ಹಾರಿತು. ಹಳೇ ಮಾಲಿಗೆ ಬಣ್ಣ ಬಳಿದು ಕೊಟ್ಟಿದ್ದಾನೆ ಭಾಡ್ಯಾ! ಪೆಟ್ಟಿಗೆಯನ್ನು ಹಳೆಯ ಸೀರೆಯಲ್ಲಿ ಸುತ್ತಿ, ಕೂಸಿನ ಹಾಗೆ ತೊಡೆಯ ಮೇಲಿಟ್ಟುಕೊಂಡು ಬಸ್ಸಿನಲ್ಲಿ ಹೊರಟೆ. ಗಬ್ಬೂರು ದಾಟುವಾಗ ಡ್ರೈವರು ಹಾರಿಸಿದ ಒಂದೊಂದು ತಗ್ಗಿಗೂ ಒಂದೊಂದು ಶಾಪ ಹಾಕಿದೆ. ಅಂಗಡಿಯವನು ಪೆಟ್ಟಿಗೆ ಬಿಚ್ಚಿ, ವೈರು ಜೋಡಿಸಿ, ನನ್ನದೇ ಪಾಠ ಹಚ್ಚಿ ಹೆಡ್‌ಫೋನು ನನ್ನ ಕೈಗೆ ಕೊಟ್ಟ.

“ಕೇಳ್ರಿ ಅಮ್ಮಾರೆ. ಎಲ್ಲಿ ಅದ ಆವಾಜು?”

ಇರಲಿಲ್ಲ. ನನ್ನ ದನಿ ಗಂಟೆ ಬಾರಿಸಿದಂತೆ ಕೇಳಿಸುತ್ತಿತ್ತು. ಆ ದನಿಯನ್ನು ಕೇಳಿ ಖುಷಿಪಡುವ ಬದಲು ನನಗೆ ಸಿಟ್ಟು ಬಂತು. “ನೀ ಈಗ ಏನೋ ಮಾಡಿದಿ” ಅಂದೆ.

“ಖುದಾ ಕಸಂ, ಏನೂ ಮಾಡಿಲ್ಲ. ಮಷೀನು ಬರೋಬ್ಬರಿ ಅದ. ನಿಮ್ಮ ಮನಿ ಕರೆಂಟಿನ್ಯಾಗ ಫರಕ್ ಅದ. ಅರ್ಥಿಂಗ್ ಚೆಕ್ ಮಾಡಸ್ರಿ.”

ತನ್ನ ಮೇಲಿನದನ್ನು ಮಂದಿಯ ಮೇಲೆ ಹಾಕುವುದು ವ್ಯಾಪಾರಸ್ಥರಿಗೆ ನೀರು ಕುಡಿದಷ್ಟು ಸಲೀಸು. ಅವನ ಮಾತನ್ನು ಅಂಗಡಿಯ ಮೆಟ್ಟಿಲ ಮೇಲೇ ಬಿಟ್ಟು ಬಂದೆ. ಆದರೂ ಪರೀಕ್ಷೆ ಮಾಡಿ ಬಿಡೋಣವೆಂದು ಪೆಟ್ಟಿಗೆಯನ್ನು ನೇರ ದೇವದುರ್ಗಕ್ಕೆ ಒಯ್ಯದೆ ಮಾನ್ವಿಯ ನನ್ನ ಮನೆಗೆ ತಂದೆ. ಎರಡು ದಿನ ಬೆಳಗಿನಿಂದ ಸಂಜೆವರೆಗೆ ಹಚ್ಚಿಟ್ಟು ಕೇಳಿದೆ. ಗುಂಯ್ ಇಲ್ಲ, ಗಿಂಯ್ ಇಲ್ಲ. ಮೂರನೇ ದಿನ ದೇವದುರ್ಗಕ್ಕೆ ಒಯ್ದು ಜೋಡಿಸಿದೆ. ಗುಂಡಿ ಒತ್ತಿದ್ದೇ ತಡ, ಗುಂಯ್ಞ್!

ನೀವೇ ಹೇಳಿ. ರಾಯಚೂರಿನಲ್ಲಿ ಬಾಯಿ ಮುಚ್ಚಿಕೊಂಡಿರುತ್ತದೆ, ಮಾನ್ವಿಯಲ್ಲಿ ಬಾಯಿ ಮುಚ್ಚಿಕೊಂಡಿರುತ್ತದೆ, ದೇವದುರ್ಗದ ಈ ಮನೆಯಲ್ಲಿ ಮಾತ್ರ ಬೊಬ್ಬೆ ಹೊಡೆಯುತ್ತದೆ. ಪೆಟ್ಟಿಗೆ ಅದೇ, ದನಿ ಅದೇ, ಬದಲಾದದ್ದು ಮನೆ. ಮನೆಯಲ್ಲಿ ಇರುವವರು ಯಾರು? ಕಾಮಾಲೆ ಕಣ್ಣಿಗೆ ಕಂಡದ್ದೆಲ್ಲ ಹಳದಿ ಅನ್ನುತ್ತಾರಲ್ಲ, ನನ್ನ ಲೆಕ್ಕ ಕೂಡಿಸಿದರೂ ಕಳೆದರೂ ಸೊಸೆಯ ಹೆಸರೇ ಉತ್ತರ. ನಾನಿಲ್ಲದಾಗ ಗೋಡೆಯೊಳಗಿನ ವೈರಿಗೆ ಏನೋ ಮಾಡಿದ್ದಾಳೆ. ಬೈದದ್ದರ ಸೇಡು ಇದು.

ಅದಕ್ಕೆ ಸರಿಯಾಗಿ ಇನ್ನೊಂದು ಕಂಡಿತು. ಒಂದು ದಿನ ಹೇಳದೆ ಕೇಳದೆ ಹೋದೆ, ಹಿಡಿಯಬೇಕೆಂದೇ ಹೋದೆ. ಅಂಗಳಕ್ಕೆ ಕಾಲಿಡುವಾಗ ಒಳಗೆ ಅತ್ತಿಗೆ ನಾದಿನಿಯರ ಮಾತು ಕೇಳುತ್ತಿತ್ತು. ನನ್ನ ಚಪ್ಪಲಿಯ ಸಪ್ಪಳಕ್ಕೆ ಗಕ್ಕನೆ ನಿಂತಿತು. ಒಳಗೆ ಹೋದರೆ ಇಬ್ಬರೂ ದೇವರಂತೆ ಕೂತಿದ್ದಾರೆ. ಕಂಪ್ಯೂಟರ್ ಆರಿದೆ. ನಾನು ಕೊಟ್ಟ ಮನೋವಿಜ್ಞಾನದ ಪುಸ್ತಕ ನೆಲದ ಮೇಲೆ ಬಿದ್ದಿದೆ, ಅದರ ಹಾಳೆಯ ಮೇಲೆ ಜೋಳದ ಹಿಟ್ಟಿನ ಬೆರಳು. ನನ್ನ ಪುಸ್ತಕದ ಮೇಲೆ ಹಿಟ್ಟಿನ ಕೈ! “ಓದೋ ಪುಸ್ತಕಾನ ಮೊರ ಮಾಡ್ಕೊಂಡೀರೇನು?” ಅಂತ ಕೂಗಾಡಿದೆ. ಹುಡುಗಿ ನಡುವೆ ಬಾಯಿ ಹಾಕಿ, “ಇರಲಿ ಬಿಡು ಚಿಗವ್ವ, ನಾ ಓದ್ಕೊಂತೀನಿ, ನೀ ಫಿಕರ್ ಮಾಡಬ್ಯಾಡ” ಅಂದಳು. ಅಷ್ಟು ತಣ್ಣಗೆ ಅಂದಳು. ತಲೆ ಸಿಡಿಯುತ್ತದೆ ಅನ್ನುತ್ತಿದ್ದವಳು ಈಗ ಇಷ್ಟು ತಣ್ಣಗೆ ಯಾಕೆ? ಪರೀಕ್ಷೆಯ ಆಸೆಯನ್ನೇ ಈಕೆ ಬಿಡಿಸಿಬಿಟ್ಟಿದ್ದಾಳೆ ಅಂತ ಲೆಕ್ಕ ಹಾಕಿದೆ. ಬಚ್ಚಲಿಗೆ ಹೋಗಿ ಮುಖ ತೊಳೆಯುವ ನೆವ ಮಾಡಿ ಅತ್ತೆ. ನನ್ನ ಅಕ್ಕ ಸಾಯುವಾಗ ಈ ಹುಡುಗಿಯ ಕೈ ನನ್ನ ಕೈಯಲ್ಲಿಟ್ಟು ಹೋಗಿದ್ದಾಳೆ. ಅವಳು ಇನ್ನೊಂದು ಸಲ ಫೇಲಾಗಿ ಆ ಕೋಣೆಯಲ್ಲಿ ಸುಮ್ಮನೆ ಕೂರುವುದನ್ನು ನೋಡುವ ಶಕ್ತಿ ನನಗಿರಲಿಲ್ಲ.

ಸಾಕ್ಷಿ ಇಲ್ಲದೆ ಮಾತಾಡಬಾರದು. ಮಾರನೆಯ ದಿನ ದೇವದುರ್ಗದ ಬಸ್ ನಿಲ್ದಾಣದ ಹತ್ತಿರ ವಿಚಾರಿಸಿ, ಆ ಊರಿನಲ್ಲೇ ತಲೆ ಬೆಳ್ಳಗಾದ ಒಬ್ಬ ವೈರಿಂಗ್ ಕೆಲಸದವನನ್ನು ಕರೆತಂದೆ. ದಾರಿಯಲ್ಲೇ ಅವನಿಗೆ ಹೇಳಿಕೊಟ್ಟೆ: “ಯಾರೋ ಬೇಕಂತ ವೈರ್ ಕತ್ತರಿಸ್ಯಾರ. ಎಲ್ಲಿ ಅಂತ ನೋಡಿ, ಎಲ್ಲರ ಎದುರಿಗೆ ಹೇಳ್ರಿ.” ಸೊಸೆಯನ್ನೂ ಹುಡುಗಿಯನ್ನೂ ಕೋಣೆಯಲ್ಲಿ ನಿಲ್ಲಿಸಿದೆ. ನನಗೆ ಪರೀಕ್ಷೆಯ ಕೋಣೆಯೇ ನೆನಪಾಯಿತು. ಇನ್ನೇನು ತೋಳು ಬಿಚ್ಚಿಸುವುದು ಒಂದೇ ಬಾಕಿ.

ಅವನು ಪ್ಲಗ್ಗಿನ ಡಬ್ಬಿ ಬಿಚ್ಚಿದ, ವೈರುಗಳನ್ನು ಎಳೆದು ನೋಡಿದ. “ಯಾರೂ ಏನೂ ಕತ್ತರಿಸಿಲ್ಲ ಬಿಡ್ರಿ” ಅಂದ. ಚೀಲದಿಂದ ಎರಡು ವೈರು ಹಚ್ಚಿದ ಒಂದು ಬಲ್ಬು ತೆಗೆದ. ಒಂದು ವೈರನ್ನು ಕರೆಂಟು ಬರುವ ತೂತಿಗೆ, ಇನ್ನೊಂದನ್ನು ಮೇಲಿನ ದಪ್ಪ ತೂತಿಗೆ ಇಟ್ಟ. ಬಲ್ಬು ಸಾಯುವ ಮಿಣುಕುಹುಳದ ಹಾಗೆ ಕೆಂಪಗಾಗಿ ನಿಂತಿತು.

“ನೋಡ್ರಿ, ಬಲ್ಬು ಪೂರಾ ಉರೀಬೇಕು. ಉರೀವಲ್ದು. ನೆಲಕ್ಕ ಹೋಗೋ ವೈರು ನೆಲ ಮುಟ್ಟವಲ್ದು ಅಂದಂಗಾತು. ಹಿಂದ ಹಿತ್ತಲದಾಗ ಅರ್ಥಿಂಗ್ ಗುಂಡಿ ಅದ ಏನ್ರಿ?”

ನನಗೆ ಗೊತ್ತಿರಲಿಲ್ಲ. ಹುಡುಗಿ, “ಅದ ಕಾಕಾ” ಅಂದಳು. ಎಲ್ಲರೂ ಹಿತ್ತಲಿಗೆ ಹೋದೆವು. ಬಟ್ಟೆ ಒಗೆಯುವ ಕಲ್ಲಿನ ಆಚೆ, ಗೋಡೆಯ ಬುಡದಲ್ಲಿ ಒಂದು ಕಬ್ಬಿಣದ ಕೊಳವೆಯ ಬಾಯಿ ಕಾಣುತ್ತಿತ್ತು. ಸುತ್ತ ಮಣ್ಣು ಬಾಯಿಬಿಟ್ಟು ಬಿರಿದಿತ್ತು, ಬಿರುಕಿನಲ್ಲಿ ಕೆಂಜಿಗ ಹರಿದಾಡುತ್ತಿದ್ದವು. ಅವನು ಕುಕ್ಕರಗಾಲಲ್ಲಿ ಕೂತು ಒಂದು ಹಿಡಿ ಮಣ್ಣು ತೆಗೆದು ಊದಿದ. ಅದು ಧೂಳಾಗಿ ಹಾರಿತು.

“ಒಳಗ ಉಪ್ಪು ಇದ್ದಲಿ ಹಾಕಿ ಹುಗದಿರ್ತಾರ. ಅದು ಹಸಿ ಇದ್ರ ಮಾತ್ರ ಕೆಲಸ ಮಾಡತದ. ಒಣಗಿದ್ರ ಸೋರೋ ಕರೆಂಟು ಎಲ್ಲಿ ಹೋಗಬೇಕು? ನಿಮ್ಮ ಡಬ್ಬ್ಯಾಗ ಕುಂತು ಗುಂಯ್ ಅಂತದ. ನಮ್ಮ ಬಿಸಲಿಗೆ ದಿನಾ ಒಂದು ಕೊಡ ನೀರು ಹಾಕಬೇಕ್ರಿ ಇದಕ್ಕ. ಬಾಯಿ ಸುತ್ತ ಕಟ್ಟಿದ್ದ ಪಾಚಿ ಒಣಗಿ ಕರ್ರಗಾಗ್ಯಾದ ನೋಡ್ರಿ. ಮೊದ್ಲು ಯಾರೋ ಹಾಕ್ತಿದ್ರು. ಈಗ ತಿಂಗಳಾಗಿರಬೇಕು ಬಿಟ್ಟು. ಯಾರು ಹಾಕ್ತಿದ್ರು?”

ಸೊಸೆ, “ನಾ ಹಾಕ್ತಿದ್ದೆ” ಅಂದಳು. “ವೈರಿಂಗ್ ಮಾಡಿದವರು ಹೋಗಬೇಕಾದ್ರ ಹೇಳಿ ಹೋಗಿದ್ರು. ಅರಿವಿ ಜಾಲಿಸಿದ ನೀರು ದಿನಾ ಇಲ್ಲೇ ಚೆಲ್ಲತಿದ್ದೆ.”

“ಮತ್ಯಾಕ ಬಿಟ್ಟಿ?” ನನ್ನ ದನಿ ಜೋರಾಗಿಯೇ ಇತ್ತು. ಸಿಕ್ಕಿಬಿದ್ದಳು ಅಂತಲೇ ನನಗೆ ಇನ್ನೂ ಅನಿಸುತ್ತಿತ್ತು.

“ನೀವ ಹೇಳಿದ್ರಲ್ರಿ, ಕರೆಂಟಿನ ಯಾವ ವಸ್ತೂ ಮುಟ್ಟಬ್ಯಾಡಂತ. ಅದರ ಉಸಾಬರೀನ ಬ್ಯಾಡಂತ. ಬಿಟ್ಟೆ.”

ವೈರಿಂಗಿನವನು ನನ್ನ ಮುಖ ನೋಡಿ, ಆಮೇಲೆ ಬೇರೆ ಕಡೆ ನೋಡಿದ. ನನ್ನ ಸಾಕ್ಷಿದಾರ, ನಾನೇ ಕರೆದುಕೊಂಡು ಬಂದವನು. ನೆಲ ಬಾಯಿಬಿಟ್ಟಿತ್ತು, ಅದರೊಳಗೆ ಇಳಿದುಬಿಡೋಣ ಅನ್ನಿಸಿತು. ನಾಚಿಕೆ ಅಂದರೆ ಏನು ಅಂತ ಅರವತ್ತೆರಡನೇ ವಯಸ್ಸಿನಲ್ಲಿ, ಒಬ್ಬ ಅಪರಿಚಿತನ ಮುಂದೆ, ಉರಿಬಿಸಿಲಲ್ಲಿ ನಿಂತು ಕಲಿತೆ. ಆದರೂ ನನ್ನ ಬುದ್ಧಿ ನೋಡಿ: ಅಷ್ಟೆಲ್ಲ ಆದ ಮೇಲೂ ತಲೆಯ ಒಂದು ಮೂಲೆ, ‘ನೀರು ಬಿಟ್ಟರೆ ಸದ್ದು ಬರುತ್ತದೆಂದು ಇವಳಿಗೆ ಗೊತ್ತಿತ್ತೇ?’ ಅಂತ ಕೆದಕುತ್ತಿತ್ತು. ಕೇಳಿಯೂ ಬಿಟ್ಟೆ. “ಸದ್ದು ಬರೂದು ಗೊತ್ತಿದ್ದಿಲ್ರಿ. ಗೊತ್ತಿದ್ರೂ ಹಾಕ್ತಿದ್ದಿಲ್ಲ ಬಿಡ್ರಿ” ಅಂದಳು.

ವೈರಿಂಗಿನವನು ಗುಂಡಿಗೆ ಉಪ್ಪು ಹಾಕಿಸಿ ನಾಲ್ಕು ಕೊಡ ನೀರು ಸುರಿಸಿದ. ಮಣ್ಣು ಗಟಗಟ ಕುಡಿಯಿತು. ಮಧ್ಯಾಹ್ನದ ಹೊತ್ತಿಗೆ ಇನ್ನೆರಡು ಕೊಡ. ಸಂಜೆ ನಾಲ್ಕಕ್ಕೆ ಹುಡುಗಿ ಹೆಡ್‌ಫೋನ್ ಹಾಕಿಕೊಂಡು ಕೂತು, ಗುಂಡಿ ಒತ್ತಿ, ಸ್ವಲ್ಪ ಹೊತ್ತು ತಲೆ ಓರೆ ಮಾಡಿ ಕೇಳಿದಳು. “ಹೋತು ಚಿಗವ್ವ” ಅಂದಳು. ನಾನೂ ಹಾಕಿಕೊಂಡು ಕೇಳಿದೆ. ನನ್ನ ದನಿಯ ಹಿಂದೆ ಏನೂ ಇರಲಿಲ್ಲ.

ಆಗ ನನಗೆ ದಿನಗಳ ನೆನಪು ಬಂತು. ಪರೀಕ್ಷೆಗೆ ಹದಿನೆಂಟೇ ದಿನ! ಇಪ್ಪತ್ತೆರಡು ದಿನ ನನ್ನ ಸಂಶಯದ ಬೆನ್ನು ಹತ್ತಿ ಹಾಳಾಗಿದ್ದವು. ಮನೋವಿಜ್ಞಾನ ಅರ್ಧಕ್ಕೆ ನಿಂತಿದೆ, ಪರಿಸರ ಅಧ್ಯಯನ ಮುಟ್ಟಿಯೇ ಇಲ್ಲ. “ಇವತ್ತಿಂದ ಹತ್ತು ತಾಸು ಕೇಳಬೇಕು, ಮುಂಜಾನೆ ಐದಕ್ಕೇ ಏಳು, ನಾ ಇಲ್ಲೇ ಉಳೀತೀನಿ” ಅಂತ ಒಂದೇ ಉಸಿರಿನಲ್ಲಿ ಹೇಳತೊಡಗಿದೆ. ಹುಡುಗಿ ಕೈ ಚಾಚಿ ನನ್ನ ಮೊಣಕಾಲು ಹುಡುಕಿ ಹಿಡಿದುಕೊಂಡಳು.

“ಆಗ್ಯಾವ ಚಿಗವ್ವ. ಮನೋವಿಜ್ಞಾನ ಪೂರಾ ಆತು, ಪರಿಸರ ಎರಡು ಸಲ ಆತು. ನೀ ಕೊಟ್ಟಿದ್ದೆಲ್ಲ ಮುಗದದ. ನಿನ್ನ ಚೀಲದಾಗ ಇರೋ ಮೂರು ಪಾಠ ಅಷ್ಟ ಬಾಕಿ.”

“ಹೆಂಗ ಆತು? ಆ ಸದ್ದಿನ್ಯಾಗ?”

“ವೈನಿ ಓದಿ ಹೇಳ್ಯಾಳ. ಮುಂಜಾನಿ ರೊಟ್ಟಿ ಮಾಡ್ತ ಮಾಡ್ತ ಪುಸ್ತಕ ಪಕ್ಕದಾಗಿಟ್ಕೊಂಡು ಓದ್ತಾಳ. ಮಧ್ಯಾಹ್ನ ಇಲ್ಲಿ ಕುಂತು ಓದ್ತಾಳ. ನಾ ಟೈಪ್ ಮಾಡ್ಕೊಂತೀನಿ.”

ಹುಡುಗಿಯ ವೈನಿ, ನನ್ನ ಸೊಸೆ, ಬಾಗಿಲಿಗೆ ಒರಗಿ ನಿಂತಿದ್ದಳು. ಆ ಹಾಳೆಯ ಮೇಲಿನ ಹಿಟ್ಟು, ನನ್ನ ಚಪ್ಪಲಿ ಸಪ್ಪಳಕ್ಕೆ ನಿಂತ ಮಾತು, ಹುಡುಗಿಯ ತಣ್ಣನೆಯ ದನಿ. ಒಂದೊಂದಾಗಿ ಬಂದು ನನ್ನ ಕೆನ್ನೆಗೆ ಬಾರಿಸಿ ಹೋದವು.

“ನನಗ್ಯಾಕ ಹೇಳಲಿಲ್ಲ ನೀವು?” ಅಂದೆ.

“ಹೇಳಿದ್ರ ನೀ ಏನಂತಿದ್ದಿ?” ಅಂದಳು ಹುಡುಗಿ. “ಬೇಕಂತ ತಪ್ಪು ತಪ್ಪು ಓದಿ ಕೆಡಸಾಕತ್ತ್ಯಾಳ ಅಂತಿದ್ದಿ.”

ಅಂತಿದ್ದೆ. ಇಲ್ಲ ಅಂತ ಹೇಳಿದರೆ ನಾಲಿಗೆಗೆ ಹುಳ ಬಿದ್ದೀತು. ಆ ಗಳಿಗೆಯಲ್ಲೂ ನನ್ನ ಬಾಯಿಯ ತುದಿಗೆ ಬಂದಿದ್ದ ಪ್ರಶ್ನೆ ‘ಇವಳು ಎಷ್ಟನೇ ಇಯತ್ತೆವರೆಗೆ ಓದಿದ್ದಾಳೆ’ ಅನ್ನುವುದೇ. ಆರು ವರ್ಷದಲ್ಲಿ ಒಂದು ಸಲವೂ ಕೇಳಿರಲಿಲ್ಲ. ಕೇಳದೆ ನುಂಗಿಕೊಂಡೆ. ಎದ್ದು ಹೋಗಿ ಸೊಸೆಯ ಎದುರು ನಿಂತು, “ನಂದು ತಪ್ಪಾತವ್ವ” ಅಂದೆ. ಅವಳು ‘ಇರಲಿ’ ಅನ್ನಲಿಲ್ಲ. ತಲೆ ಅಲ್ಲಾಡಿಸಿದಳು, ಅಷ್ಟೇ. ಅವಳು ‘ಇರಲಿ’ ಅಂದಿದ್ದರೆ ನನಗೆ ಅದರ ಮೇಲೂ ಅನುಮಾನ ಬರುತ್ತಿತ್ತೇನೋ.

ಚೀಲದಿಂದ ಕೊನೆಯ ಮೂರು ಪಾಠಗಳ ಪುಸ್ತಕ ತೆಗೆದು ಅವಳ ಕೈಗೆ ಕೊಟ್ಟೆ. ಇವನ್ನೂ ನೀನೇ ಓದು, ನಾನು ಕೂತು ಕೇಳುತ್ತೇನೆ ಅಂದೆ. ಒಳ್ಳೆಯ ಮನಸ್ಸಿನಿಂದಲೇ ಅಂದೆ. ಅವಳು ಸೆರಗಿಗೆ ಕೈ ಒರೆಸಿಕೊಂಡು, ಹುಡುಗಿಯ ಪಕ್ಕ ಕೂತು, ಪುಟ ತೆರೆದು ಓದತೊಡಗಿದಳು. ಮೊದಲ ಸಾಲಿನಲ್ಲಿ ತಪ್ಪಿಲ್ಲ. ಎರಡನೆಯದರಲ್ಲಿ ತಪ್ಪಿಲ್ಲ. ಮಹಾಪ್ರಾಣ ಸರಿ, ಒತ್ತು ಸರಿ, ನಿಲ್ಲಿಸಬೇಕಾದಲ್ಲಿ ನಿಲ್ಲಿಸುತ್ತಾಳೆ. ನಾನು ಮುಂದಕ್ಕೆ ಬಾಗಿ, ತಪ್ಪು ಬರಲಿ ಅಂತ ಕಾಯುತ್ತ ಕೂತಿದ್ದೆ. ಅದು ನನಗೇ ಸ್ವಲ್ಪ ಹೊತ್ತಿನ ಮೇಲೆ ಗೊತ್ತಾಯಿತು.

ಅರ್ಧ ಪುಟಕ್ಕೆ ಹುಡುಗಿ ಕೀಲಿಗಳಿಂದ ಕೈ ತೆಗೆದಳು. “ಚಿಗವ್ವ, ಸಿಟ್ಟಾಗಬ್ಯಾಡ. ನೀ ಒಂದೀಟ ಹೊರಗ ಕುಂದ್ರು. ನೀ ಇಲ್ಲಿ ಇದ್ರ ವೈನಿ ದನಿ ನಡಗತದ. ನನಗ ಪಾಠ ಕೇಳಸವಲ್ದು.”

ನನಗೆ ಸಿಟ್ಟು ಬರಲಿಲ್ಲ. ಎದ್ದು ಹೊರಗೆ ಹೋಗಿ ಬಾಗಿಲು ಮುಂದಕ್ಕೆ ಮಾಡಿ, ಕಟ್ಟೆಯ ಮೇಲೆ ಕೂತೆ. ಒಳಗೆ ಓದು ಮತ್ತೆ ಶುರುವಾಯಿತು, ಕತ್ತಲಾಗುವವರೆಗೂ ನಿಲ್ಲಲಿಲ್ಲ.